ಚಂದ್ರಾಮಪ್ಪನ ಮನೆಯ ಸಮುದ್ರ

ಆ ದಿನದ ಎಡವಟ್ಟಿಗೆಲ್ಲ ಕಾರಣ, ಚಂದ್ರಾಮಪ್ಪ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಸ್ವಲ್ಪ ಗಟ್ಟಿಯಾಗಿ ಮಾತಾಡಿದ್ದು.

ಕಾಲುವೆ ಇಲಾಖೆಯಿಂದ ನಿವೃತ್ತನಾಗಿ ಶಹಾಪುರದಲ್ಲಿ ಮನೆ ಮಾಡಿದ್ದ ಅವನಿಗೆ ಇದ್ದದ್ದು ಒಂದೇ ಆಸೆ. ಯಾರೂ ಕೇಳಲು ಬಾರದಂಥ ನೀರಿನ ಮುಂದೆ ಸುಮ್ಮನೆ ಕೂರಬೇಕು. ನೌಕರಿಯುದ್ದಕ್ಕೂ ಅವನು ನೀರನ್ನು ಕಂಡದ್ದು ಜಗಳದ ಜೊತೆಗೇ. ಗೇಟು ತೆಗೆದರೆ ಮೇಲಿನ ಹೊಲದವರು ಬೈಯುತ್ತಿದ್ದರು, ಮುಚ್ಚಿದರೆ ಕೆಳಗಿನವರು. ಅರ್ಧ ತೆಗೆದರೆ ಇಬ್ಬರೂ ಕೂಡಿ ಬೈಯುತ್ತಿದ್ದರು. ಕುಡಿಯಲೂ ಬಾರದ, ಹೊಲಕ್ಕೂ ಬಾರದ ಸಮುದ್ರದ ನೀರಾದರೆ ಯಾರು ಕೇಳುತ್ತಾರೆ? ಅದಕ್ಕೇ ಯಾದಗಿರಿಯಲ್ಲಿ ಮೀನಿನ ಗಾಜಿನ ತೊಟ್ಟಿ ಮಾರುವ ವಹಾಬನಿಗೆ ಉಪ್ಪುನೀರಿನ ತೊಟ್ಟಿಯೊಂದನ್ನು ಹೇಳಿದ್ದ.

"ಸಾಹೇಬ್ರ, ಬರೇ ಮೀನು ಬೇಕೋ, ಹವಳ ಬೇಕೋ? ಸಂಜಿ ಒಳಗ ಹೇಳ್ರಿ, ಹೈದರಾಬಾದಿಂದ ತರಸ್ಬೇಕು," ಎಂದ ವಹಾಬ. "ಬರೇ ಮೀನಾದ್ರ ಸಂಭಾಳ್ಸೋದು ಹಗುರ. ಹವಳ ಅಂದ್ರ ಬಾಣಂತಿ ಕೂಸಿದ್ದಂಗ್ರಿ. ಬೆಳಕು ಬೇಕು, ನೀರು ಚೊಕ್ಕ ಇರ್ಬೇಕು. ಎಲ್ಲಾ ಮೀನೂ ಅದರ ಜೋಡಿ ಬಿಡಂಗಿಲ್ಲ, ಕೆಲವು ಹವಳಾನ ತಿಂತಾವ."

"ಮೀನು ತಮ್ಮತಮ್ಮೊಳಗ ಕಚ್ಚಾಡ್ತಾವೇನು?"

"ಕಚ್ಚಾಡ್ತಾವ್ರಿ."

"ಹಂಗಾರ ಹವಳಾನ ಬೆಳಸ್ತೀನಿ! ಅದು ಕುಂತಲ್ಲೇ ಕುಂತಿರ್ತದ."

"ಹವಳಾನೂ ಜಾಗಕ್ಕ ಜಗಳಾಡ್ತಾವ್ರಿ. ಮಗ್ಗಲದ್ದನ್ನ ಚುಚ್ಚತಾವ."

ಚಂದ್ರಾಮಪ್ಪ ಯೋಚನೆಗೆ ಬಿದ್ದ. ಕೂತಲ್ಲೇ ಕೂತಿರುವ ಜೀವವೂ ಜಾಗಕ್ಕೆ ಬಡಿದಾಡುವುದಾದರೆ, ಶಾಂತಿ ಎಂಬುದು ಸಮುದ್ರದ ತಳದಲ್ಲೂ ಇಲ್ಲವೆಂದಾಯಿತು.

ಗೋಡೆಯಾಚೆ ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯ ಬಾಲಮ್ಮನ ಕಿವಿಗೆ ಬಿದ್ದದ್ದು ಮಾತ್ರ 'ಹವಳ ಬೆಳಸ್ತೀನಿ' ಎಂಬ ಒಂದೇ ಮಾತು. ಒದ್ದೆ ಸೀರೆ ಅಲ್ಲೇ ಬಿಟ್ಟು ಓಡಿ ಬಂದಳು.

"ಅಣ್ಣಾ, ನಮ್ಮ ಹುಡುಗಿಗಿ ಕುಜದೋಷ ಅಂತ ಸಂಬಂಧನ ಕೂಡವಲ್ದು. ಹವಳದ ಉಂಗುರ ಹಾಕ್ರಿ ಅಂದಾರ. ಮೊದಲ ಬೆಳಿ ನಮಗ ಕೊಡ್ಬೇಕು ನೋಡು."

"ಇದು ಉಂಗುರದ್ದಲ್ಲ ತಂಗಿ. ಜೀವ ಇರೋ ಹವಳ."

"ಜೀವ ಇದ್ರ ಇನ್ನೂ ಚಲೋ ಆತು! ದೋಷ ಜಲ್ದಿ ಹೋಗ್ತದ."

ಮಧ್ಯಾಹ್ನದ ಹೊತ್ತಿಗೆ ಓಣಿಯ ದೋಷಗಳೆಲ್ಲ ಚಂದ್ರಾಮಪ್ಪನ ಅಂಗಳದಲ್ಲಿ ನೆರೆದಿದ್ದವು. ಒಬ್ಬರು ಬೆರಳಿನ ಅಳತೆಯ ದಾರ ತಂದಿದ್ದರು, ಇನ್ನೊಬ್ಬರು ಜಾತಕವನ್ನೇ ತಂದಿದ್ದರು. ಹೆಂಡತಿ ರೇಣಮ್ಮ ಚಹಾ ಕಾಸಿ ಕಾಸಿ ಸಾಕಾಗಿ, "ಈ ಮಂದಿನ್ನ ಕಳಸ್ತೀರೋ, ನಾನೇ ತವರಿಗಿ ಹೋಗ್ಲೋ?" ಎಂದಳು.

ಚಂದ್ರಾಮಪ್ಪ ಎಲ್ಲರಿಗೂ ಕೇಳುವಂತೆ ಫೋನಿನಲ್ಲಿ ಕೂಗಿದ: "ವಹಾಬಾ, ಹವಳ ಬ್ಯಾಡ! ಬರೇ ಮೀನು ಕಳಸು!"

ಅಂಗಳ ಖಾಲಿಯಾಯಿತು. ಅವನು ಉಸಿರು ಬಿಡುವಷ್ಟರಲ್ಲಿ ಎದುರು ಮನೆಯ ಫಕೀರಸಾಬ ಬೋಗುಣಿ ಹಿಡಿದು ಬಂದ.

"ಮೀನು ಬರಾಕತ್ತಾವಂತಲ್ರಿ ಸಾಹೇಬ್ರ. ಮನ್ಯಾಗ ಬೀಗರು ಬಂದಾರ. ಎರಡು ಕಿಲೋ ನಮ್ಮ ಹೆಸರಿಗಿ ಹಿಡೀರಿ. ಮುಳ್ಳು ಕಮ್ಮಿ ಇರ್ಲಿ."

"ಅವು ನೋಡೋ ಮೀನೋ ಮಾರಾಯಾ!"

"ನೋಡೇ ತಗೊಳ್ತೀನ್ರಿ. ನೋಡದ ಯಾರು ತಗೊಳ್ತಾರ?"

ಅವನ ಹಿಂದೆಯೇ ಕಾಲುವೆ ಕೆಳಗಿನ ರೈತ ಸಾಬಣ್ಣ ಬಂದು ಕಟ್ಟೆಯ ಅಂಚಿಗೆ ಕೂತ. ಅವನು ಹವಳವನ್ನೂ ಕೇಳಲಿಲ್ಲ, ಮೀನನ್ನೂ ಕೇಳಲಿಲ್ಲ. ರುಮಾಲಿನಿಂದ ಮುಖ ಒರೆಸಿಕೊಂಡು ಅಂದ: "ಸಾಹೇಬ್ರ, ನೀರು ಹೆಚ್ಚಾಗಿ ನನ್ನ ಹೊಲ ಸವಳು ಹಿಡಿದು ಹೋತು. ಉಪ್ಪು ತೆಗೀಲಾಕ ನಾ ಸಾಯಾಕತ್ತೀನಿ. ನೀವು ರೊಕ್ಕ ಕೊಟ್ಟು ಸಿಹಿನೀರಿಗಿ ಉಪ್ಪು ಹಾಕ್ತೀರಂತ, ಖರೇ ಏನ್ರಿ?"

ಆ ಹೊಲದಲ್ಲಿ ಜೋಳ ಎದೆಯೆತ್ತರ ನಿಂತದ್ದನ್ನು ಒಂದು ಕಾಲಕ್ಕೆ ಚಂದ್ರಾಮಪ್ಪನೇ ಕಣ್ಣಾರೆ ಕಂಡಿದ್ದ. ಸಾಬಣ್ಣ ಎದ್ದು ಹೋದ ಮೇಲೆ ವಹಾಬನಿಗೆ ಮತ್ತೆ ಫೋನು ಮಾಡಿದ: "ಹವಳಾನೂ ಬ್ಯಾಡ, ಮೀನೂ ಬ್ಯಾಡ."

"ತೊಟ್ಟಿ ಆಗ್ಲೇ ಟಂಟಂ ಗಾಡ್ಯಾಗ ಹೊಂಟದ್ರಿ. ಗಾಜಿನ ಮಾಲು ವಾಪಸ್ ತಗೊಳ್ಳಂಗಿಲ್ಲ."

ಸಂಜೆ ಬಂದಿಳಿದ ತೊಟ್ಟಿ ಮಂಚದಷ್ಟು ಉದ್ದವಿತ್ತು. ಬಾಗಿಲಲ್ಲಿ ತೂರಲೇ ಇಲ್ಲ, ಅಂಗಳದಲ್ಲೇ ಕೂತಿತು. ನಳದಲ್ಲಿ ನೀರು ಬರುತ್ತಿದ್ದ ಹೊತ್ತು. ರೇಣಮ್ಮ ಪೈಪು ಹಚ್ಚಿ ಕಂಠಪೂರ್ತಿ ತುಂಬಿಸಿಬಿಟ್ಟಳು. ಸಂಜೆಯ ಬಿಸಿಲು ಗಾಜಿನೊಳಗೆ ಇಳಿದು ನೀರು ಹೊನ್ನಿನ ಬಣ್ಣಕ್ಕೆ ತಿರುಗಿತು. ಚಂದ್ರಾಮಪ್ಪ ಕುರ್ಚಿ ಎಳೆದುಕೊಂಡು ಕೂತ. ಮೀನಿಲ್ಲ, ಹವಳವಿಲ್ಲ, ಜಗಳವಿಲ್ಲ. ಇದೇ ಅಲ್ಲವೇ ತನಗೆ ಬೇಕಾಗಿದ್ದದ್ದು ಎನ್ನಿಸಿ ಕಣ್ಣು ತಂಪಾಯಿತು.

ಅಷ್ಟರಲ್ಲಿ ನಳ ಗೊರ್ ಎಂದು ನಿಂತಿತು. ಕಾಲುವೆ ಒಡೆದಿದೆ, ನೀರು ಯಾವಾಗ ಬರುವುದೋ ತಿಳಿಯದು ಎಂಬ ಸುದ್ದಿ ಓಣಿ ತುಂಬ ಹಬ್ಬಿತು. ಮರುಕ್ಷಣವೇ ಅಂಗಳದಲ್ಲಿ ಕೊಡಗಳು ಖಣಖಣಿಸಿದವು. ಮೊದಲು ಯಾರೆಂದು ಬಾಲಮ್ಮನಿಗೂ ಫಕೀರಸಾಬನಿಗೂ ಜಗಳ ಹತ್ತಿಕೊಂಡಿತು.

"ಸಾಹೇಬ್ರ, ನೀವೇ ನಿಂತು ಹಂಚ್ರಿ. ನಿಮ್ಮ ಮಾತು ಯಾರೂ ಮೀರಂಗಿಲ್ಲ," ಎಂದ ಫಕೀರಸಾಬ, ಚಂದ್ರಾಮಪ್ಪನ ಕೈಗೆ ನೀರು ಮೊಗೆಯುವ ಚರಗಿ ಕೊಟ್ಟು.

ಚಂದ್ರಾಮಪ್ಪ ಎದ್ದು ನಿಂತು ಹಂಚತೊಡಗಿದ. ಸಾಲಿನ ನಡುವೆ ಒಂದು ಕೊಡ ಮುಂದೆ ತೂರಿ ಬಂತು. "ಏಯ್, ಹಿಂದ ಹೋಗಿ ಪಾಳಿ ಹಚ್ಚು!" ಎಂದು ತಲೆಯೆತ್ತದೆ ಗದರಿದ.

ಕೊಡ ಹಿಡಿದಿದ್ದ ರೇಣಮ್ಮ ಸಾಲಿನ ಹಿಂದೆ ಹೋಗಿ ನಿಂತಳು. ಅವಳ ಪಾಳಿ ಬರುವ ಹೊತ್ತಿಗೆ ತೊಟ್ಟಿಯಲ್ಲಿ ಉಳಿದಿದ್ದದ್ದು ಗಾಜು ಮಾತ್ರ.