ಜೀರಿಗೆಯವರ ಖಾಲಿ ಬಟ್ಟಲು

ಹೆಸರಿನ ಹಿಂದೆ ಇನ್ನೊಂದು ಹೆಸರಿಟ್ಟುಕೊಂಡು ಓಡಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸ್ವಲ್ಪ ಹೊಟ್ಟೆಕಿಚ್ಚು. ಪಾಟೀಲ, ದೇಸಾಯಿ ಎಂದು ಯಾರಾದರೂ ಹೇಳಿಕೊಂಡ ಕೂಡಲೇ ನನ್ನ ಕಣ್ಣಮುಂದೆ ಒಂದು ವಾಡೆ, ಒಂದು ಕುದುರೆ, ಗೋಡೆಗೆ ತೂಗುಹಾಕಿದ ಒಂದು ಕತ್ತಿ ಬಂದು ನಿಲ್ಲುತ್ತವೆ. ತಮಿಳುನಾಡಿನ ನಮ್ಮ ಧರ್ಮಪುರಿ ಕಡೆ ಆ ವೈಭವವಿಲ್ಲ. ಇಲ್ಲಿ ಹೆಸರಿನ ಮುಂದೆ ಅಪ್ಪನ ಹೆಸರಿನ ಮೊದಲ ಅಕ್ಷರ, ಅಷ್ಟೇ. ನಾನು ಎಂ. ಮಾದೇಶ. ಆ ‘ಎಂ’ ನಮ್ಮಪ್ಪ ಮುನಿಯಪ್ಪ. ಅಪ್ಪ, ಅಪ್ಪನ ಮೀಸೆ, ಅಪ್ಪನ ಕೋಪ ಎಲ್ಲ ಸೇರಿ ಒಂದು ಅಕ್ಷರ, ಒಂದು ಚುಕ್ಕೆ. ಹಾಗಂತ ನಮಗೆ ಮನೆತನದ ಹೆಸರೇ ಇಲ್ಲ ಎಂದು ತಿಳಿಯಬೇಡಿ. ಇದೆ. ಆದರೆ ಅದು ರೇಷನ್ ಕಾರ್ಡಿನಲ್ಲಿಲ್ಲ, ಆಧಾರಿನಲ್ಲಿಲ್ಲ, ನನ್ನ ಹೆಂಡತಿ ರಾಜಮ್ಮನ ಅಡುಗೆಮನೆಯಲ್ಲಿದೆ.

ಮಾರಂಡಹಳ್ಳಿಯ ನಮ್ಮ ಮನೆಗೆ ನೀವು ಬಂದರೆ ತೋರಿಸುತ್ತೇನೆ. ಒಲೆಯ ಪಕ್ಕದಲ್ಲಿ ದುಂಡನೆಯ ಸ್ಟೀಲಿನ ಸಾಂಬಾರ ಡಬ್ಬಿ, ಅದರೊಳಗೆ ಏಳು ಬಟ್ಟಲು. ಆರರಲ್ಲಿ ಸಾಸಿವೆ, ಮೆಂತ್ಯ, ಕಡಲೆಬೇಳೆ, ಮೆಣಸು ಇತ್ಯಾದಿ. ಏಳನೆಯದು ಖಾಲಿ. ಅದೇ ನಮ್ಮ ಹೆಸರು. ನಾವು ಜೀರಿಗೆ ಕುಲದವರು. ಊರಿನ ಬಾಯಲ್ಲಿ ‘ಜೀರಿಗೆಯೋರು’. ಯಾವುದು ಕುಲದ ಹೆಸರೋ ಅದನ್ನು ತಿನ್ನಬಾರದು, ಕಡಿಯಬಾರದು, ತುಳಿಯಬಾರದು ಎಂಬುದು ನಮ್ಮವರ ಕಟ್ಟಳೆ. ಬೇರೆ ಕುಲಗಳ ಅದೃಷ್ಟ ನೋಡಿ. ರಾಜಮ್ಮನ ತವರು ಬೇವಿನ ಕುಲ. ಬೇವು ತಿನ್ನಬೇಡ ಎಂದರೆ ಯಾವ ಮಗು ಅಳುತ್ತದೆ? ನಮ್ಮ ಪೂರ್ವಿಕರೂ ಒಂದು ಹಾಗಲಬಳ್ಳಿಯ ಹಿಂದೆ ಅವಿತುಕೊಂಡಿದ್ದರೆ ನಾನು ಈ ಪ್ರಬಂಧ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಅವಿತುಕೊಂಡ ಕತೆಯನ್ನು ಹೇಳಿದವರು ನಮ್ಮ ದೊಡ್ಡಪ್ಪ. ಕೊಳತ್ತೂರಿನ ಮೇಲಿನ ಪಾಲಮಲೆಯಲ್ಲಿ ಕುರಿ ಕಾಯ್ದುಕೊಂಡು, ಎಂಬತ್ತು ದಾಟಿದರೂ ನನಗಿಂತ ನೆಟ್ಟಗೆ ನಡೆಯುವ ಮನುಷ್ಯ. ಒಂದು ಕಾಲದಲ್ಲಿ ನಮ್ಮ ಹಿರೀಕನೊಬ್ಬ ಹೆಂಡತಿ, ಹಸುಗೂಸು, ಒಂದು ಮಂದೆ ಕುರಿಗಳೊಂದಿಗೆ ಬಡಗಲಿಂದ ಓಡಿಬಂದನಂತೆ. ಬೆನ್ನಟ್ಟಿದವರ ಕುದುರೆ ಸದ್ದು ಹತ್ತಿರವಾದಾಗ ಜೀರಿಗೆ ಹೊಲದೊಳಗೆ ನುಗ್ಗಿದನಂತೆ. ಜೀರಿಗೆ ಇವರನ್ನೆಲ್ಲ ಮುಚ್ಚಿಕೊಂಡಿತಂತೆ. ಮಗು ಅಳಲಿಲ್ಲ, ಕುರಿ ಅರಚಲಿಲ್ಲ. ಮಾರನೆಯ ದಿನ ಕಾವೇರಿ ದಾಟಿ ಈ ಕಡೆ ಬಂದು, “ನಮ್ಮ ಪ್ರಾಣ ಕಾದ ಜೀರಿಗೆಯನ್ನು ನಮ್ಮ ಮನೆಯವರು ಯಾರೂ ಹಲ್ಲಿಗೆ ಹಚ್ಚುವುದಿಲ್ಲ” ಎಂದು ನೀರು ಮುಟ್ಟಿ ಆಣೆ ಮಾಡಿದನಂತೆ. ನಾನು ಫೋನಿನಲ್ಲಿ ಜೀರಿಗೆ ಗಿಡದ ಚಿತ್ರ ಹುಡುಕಿ ನೋಡಿದೆ. ಮೊಣಕಾಲಿಗೂ ಬರುವುದಿಲ್ಲ. “ದೊಡ್ಡಪ್ಪ, ಇದರಲ್ಲಿ ಒಂದು ಕೋಳಿ ಅಡಗಿದ್ರೂ ಕಾಣ್ತದೆ. ಒಂದು ಮಂದೆ ಕುರಿ ಎಂಗೆ ಅಡಗಿದ್ವು?” ಎಂದು ಕೇಳಿದೆ. ದೊಡ್ಡಪ್ಪ ಫೋನಿನತ್ತ ತಿರುಗಿಯೂ ನೋಡಲಿಲ್ಲ. “ಆಗಿನ್ ಕಾಲದ ಜೀರಿಗೆ ಆಳೆತ್ತರ ಬೆಳೀತಿತ್ತು ಕಣ್ಲಾ” ಎಂದರು. ಅಂದಿನಿಂದ ನನ್ನ ಕನಸಿನಲ್ಲಿ ಜೀರಿಗೆ ಕಬ್ಬಿನಷ್ಟು ಎತ್ತರ. ನಾನು ಅದರ ನಡುವೆ ಕುರಿಗಳ ಹಿಂದೆ ನಡೆಯುತ್ತಿರುತ್ತೇನೆ. ಮೇಲೆಲ್ಲ ಬಿಳಿ ಹೂವು, ಗಾಳಿಯಲ್ಲಿ ಘಮಘಮ. ಇಲ್ಲೇ ನನ್ನ ತೊಂದರೆ. ತಿನ್ನದವನಿಗೆ ಆ ಘಮ ಹೇಗೆ ಗೊತ್ತು?

ಗೊತ್ತು. ಹೇಳಿಬಿಡುತ್ತೇನೆ. ನಾನು ಧರ್ಮಪುರಿ ಬಸ್ ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್. ಬಂದ ಬಸ್ಸು, ಹೋದ ಬಸ್ಸು ಬರೆದುಕೊಳ್ಳುವುದು ನನ್ನ ಕೆಲಸ. ಕನ್ನಡ ಓದಲು ಕಲಿತದ್ದೂ ಅಲ್ಲೇ, ಬೆಂಗಳೂರು ಬಸ್ಸುಗಳ ಬೋರ್ಡು ನೋಡಿ ನೋಡಿ. ಶಾಲೆಯಲ್ಲಿ ಕಲಿತದ್ದೆಲ್ಲ ತಮಿಳು. ಆದ್ದರಿಂದ ಇಲ್ಲಿ ತಪ್ಪುಗಳಿದ್ದರೆ ಆ ಡ್ರೈವರುಗಳನ್ನು ಕೇಳಿ. ನನ್ನ ಕಿಟಕಿಗೆ ಎದುರಾಗಿ ಒಂದು ಮೆಸ್ಸಿದೆ. ಅಲ್ಲಿ ಮಧ್ಯಾಹ್ನ ಮೆಣಸು ಜೀರಿಗೆ ಕುಟ್ಟಿಹಾಕಿದ ರಸಂ. ಕೆಲಸಕ್ಕೆ ಸೇರಿದ ಮೊದಲ ವಾರ ಗೊತ್ತಿಲ್ಲದೆ ತಿಂದೆ. ಎರಡನೆಯ ವಾರದಿಂದ ಗೊತ್ತಿದ್ದೇ ತಿಂದೆ. ಇಪ್ಪತ್ತೆರಡು ವರ್ಷ ಹೀಗೇ ಕಳೆಯಿತು. ಊಟವಾದ ಮೇಲೆ ಎರಡು ಸಲ ಬಾಯಿ ಮುಕ್ಕಳಿಸಿ, ಒಂದು ಲವಂಗ ಕಚ್ಚಿಕೊಂಡು, ಸಂಜೆ ಶುದ್ಧ ಜೀರಿಗೆಯವನಾಗಿ ಮನೆಗೆ ಬರುತ್ತಿದ್ದೆ.

ಕುಲದ ಕಟ್ಟಳೆ ಮುರಿದವನಿಗೆ ಕುಲದ ಮೇಲೆ ಪ್ರೀತಿ ಜಾಸ್ತಿ ಎಂದು ಕಾಣುತ್ತದೆ. ನಮ್ಮ ಹೆಸರಿನವರು ಎಲ್ಲೆಲ್ಲಿದ್ದಾರೆ ಎಂದು ಪತ್ತೆಮಾಡುವ ಹುಚ್ಚು ನನಗೆ ಹಿಡಿಯಿತು. ಫೋನಿನಲ್ಲಿ ಹುಡುಕಿದರೆ ಬಡಗಲ ಕಡೆ ಎಲ್ಲೋ ಇರುವ, ಹೆಸರಿನ ಕೊನೆಗೆ ‘ಜೀರಿಗೆ’ ಎಂದಿಟ್ಟುಕೊಂಡ ಒಬ್ಬ ಹೆಣ್ಣುಮಗಳು ಸಿಕ್ಕಳು. ಎಷ್ಟೋ ತಲೆಮಾರಿನ ಹಿಂದೆ ಹೊಳೆಯ ಆ ದಡದಲ್ಲೇ ಉಳಿದುಹೋದ ನಮ್ಮವರಿರಬೇಕು! “ಅಮ್ಮಾ, ತಾವು ರಸಂಗೆ ಜೀರಿಗೆ ಹಾಕುತ್ತೀರಾ?” ಎಂದು ಕಳಿಸಿದೆ. ಆಕೆ ನನ್ನನ್ನು ಬ್ಲಾಕ್ ಮಾಡಿದಳು. ಆಮೇಲೆ ಬಸ್ ಸ್ಟ್ಯಾಂಡನ್ನೇ ನಂಬಿಕೊಂಡೆ. ಕನ್ನಡ ಮಾತಾಡುವ ಹೆಂಗಸರು ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಲು ಬಂದರೆ, ಟೈಮು ಹೇಳಿ, ಜೊತೆಗೆ ಅವರ ಸಾಂಬಾರ ಡಬ್ಬಿಯನ್ನೂ ವಿಚಾರಿಸುತ್ತಿದ್ದೆ. ಪಾಲಕ್ಕೋಡು ದಾರಿಯಲ್ಲಿ ಒಂದಷ್ಟು ಮನೆ ಸಿಕ್ಕವು, ಮೇಟ್ಟೂರು ಕಡೆ ಇನ್ನೊಂದಷ್ಟು. ಒಬ್ಬಾಕೆ, “ನಮ್ಮತ್ತೆ ಹಾಕ್ತಿರ್ನಿಲ್ಲ, ಯಾಕೋ ತೆರಿಯಾದು, ನಾನು ಆ ಬಟ್ಟಲಲ್ಲಿ ಪಿನ್ನು ಹಾಕಿ ಇಟ್ಟಿದೀನಿ” ಎಂದಳು. ತೆರಿಯಾದು ಎಂದರೆ ತಮಿಳಿನಲ್ಲಿ ಗೊತ್ತಿಲ್ಲ ಎಂದು. ಅಷ್ಟು ದೂರ ಕುರಿ ಹೊಡೆದುಕೊಂಡು ಬಂದ ಹೆಸರು ಕೊನೆಗೆ ಪಿನ್ನುಗಳ ಕೆಳಗೆ ಮಲಗಿತ್ತು. ನನಗೆ ನಿಜವಾಗಿ ದುಃಖವಾಯಿತು, ಆ ದಿನ ಎರಡು ಬಸ್ಸಿನ ಟೈಮು ತಪ್ಪು ಬರೆದೆ.

ಈ ಹುಚ್ಚು ಆಟವಾಗಿದ್ದದ್ದು ನನ್ನ ಮಗಳು ಸುಗುಣ ಬಾಯಿ ಬಿಡುವ ತನಕ. ಅವಳು ಕಂಬೈನಲ್ಲೂರಿನ ಒಂದು ಶಾಲೆಯಲ್ಲಿ ಟೀಚರು. ದಿನಾ ಹೋಗಿಬರುವ ಬಸ್ಸಿನ ಕಂಡಕ್ಟರು ಮುರುಗೇಶ ಕಂಬೈನಲ್ಲೂರಿನವನೇ, ನಮ್ಮವರೇ. ದಿನಾ ನನ್ನ ಕಿಟಕಿಗೆ ಬಂದು, “ವಣಕ್ಕಂ ಸಾರ್, ಊಟ ಆಯ್ತಾ ಸಾರ್” ಎಂದು ಕೇಳಿ ಟೈಮು ಬರೆಸಿಕೊಳ್ಳುತ್ತಿದ್ದ. ಇಡೀ ಸ್ಟ್ಯಾಂಡಿನಲ್ಲಿ ಇಂಥ ಮರ್ಯಾದಸ್ಥ ಇನ್ನೊಬ್ಬನಿಲ್ಲ ಎಂದು ಮೆಚ್ಚಿಕೊಂಡಿದ್ದೆ. ಕಾರಣ ಆಮೇಲೆ ತಿಳಿಯಿತು. ಹುಡುಗ ಒಳ್ಳೆಯವನು, ರಾಜಮ್ಮನೂ ಒಪ್ಪಿದಳು. ಒಂದೇ ತೊಡಕು, ಅವರ ಮನೆಯಲ್ಲಿ ಮಾತು ಮುಕ್ಕಾಲು ತಮಿಳಿಗೆ ತಿರುಗಿ ತಮ್ಮ ಕುಲ ಯಾವುದೆಂದು ಮರೆತುಬಿಟ್ಟಿದ್ದರು. ಅವರೂ ಜೀರಿಗೆಯವರೇ ಆಗಿದ್ದರೆ ಒಂದೇ ಕುಲ, ಹುಡುಗ ಹುಡುಗಿ ಅಣ್ಣ ತಂಗಿ. ದೊಡ್ಡಪ್ಪ ಈ ಸಂಬಂಧ ನಡೆಯಲು ಬಿಡುವುದಿಲ್ಲ. ದೊಡ್ಡಪ್ಪ ಇಲ್ಲದೆ ನಮ್ಮಲ್ಲಿ ಮದುವೆಯಿಲ್ಲ.

“ಅಪ್ಪಾ, ಊರೋರ ಡಬ್ಬಿಯೆಲ್ಲ ಕೇಳ್ತಿದ್ದೆ. ಈಗ ಆ ಮನೆ ಡಬ್ಬಿ ಒಂದು ನೋಡ್ಕಂಡು ಬಾ” ಎಂದಳು ಸುಗುಣ. ನಗುತ್ತಲೇ ಹೇಳಿದಳು, ಆದರೆ ಕೈಯಲ್ಲಿದ್ದ ಲೋಟದ ಕಾಫಿ ಕುಡಿಯದೆಯೇ ಆರಿಹೋಗಿತ್ತು.

ಪಾಲಮಲೆಯಿಂದ ದೊಡ್ಡಪ್ಪನನ್ನು ಕರೆಸಿಕೊಂಡು ಒಂದು ಭಾನುವಾರ ಹೊರಟೆವು. ಬೀಗರಾಗಬೇಕಾದವರ ಮನೆ ಚೊಕ್ಕವಾಗಿತ್ತು. ಹುಡುಗನ ತಾಯಿ ಪಾಪಮ್ಮ ಮೊರದಷ್ಟು ಅಗಲ ನಗುವ ಹೆಂಗಸು. ನಮ್ಮನ್ನು ಕೂರಿಸಿ ಹಿತ್ತಿಲಿಗೆ ಬಾಳೆಯೆಲೆ ಕೊಯ್ಯಲು ಹೋದರು. ದೊಡ್ಡಪ್ಪ ನನಗೆ ಮೊಣಕೈಯಲ್ಲಿ ತಿವಿದರು. ಕೈ ತೊಳೆಯುವ ನೆಪದಲ್ಲಿ ಅಡುಗೆಮನೆ ಹೊಕ್ಕೆ. ನಮ್ಮ ಮನೆಯಲ್ಲಿರುವಂಥದೇ ದುಂಡನೆಯ ಡಬ್ಬಿ. ಮುಚ್ಚಳ ತೆಗೆದೆ. ಆರು ಬಟ್ಟಲು ತುಂಬಿದ್ದವು. ಏಳನೆಯದು ಖಾಲಿ, ತೊಳೆದು ಒರೆಸಿಟ್ಟ ಹಾಗೆ ಫಳಫಳ ಹೊಳೆಯುತ್ತಿತ್ತು.

ಎಷ್ಟೋ ವರ್ಷ ನಾನು ಹುಡುಕಿದ್ದು ಇದನ್ನೇ. ಬೇರೆ ಯಾವ ದಿನವಾಗಿದ್ದರೂ ಆ ಬಟ್ಟಲನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ಆವತ್ತು ಮುಚ್ಚಳ ಹಾಕಲು ಕೈ ಬರಲಿಲ್ಲ, ಸುಗುಣಳ ಲೋಟವೇ ಕಣ್ಣಮುಂದೆ. ಹೊರಗೆ ಬಂದೆ. “ಏನ್ಲಾ, ಐತಾ?” ಎಂದರು ದೊಡ್ಡಪ್ಪ ಪಿಸುಮಾತಿನಲ್ಲಿ.

“ಐತೆ ದೊಡ್ಡಪ್ಪ. ಬಟ್ಟಲು ತುಂಬಾ ಐತೆ” ಎಂದೆ.

ಸುಳ್ಳು ಹೇಳಿದೆನಲ್ಲ, ಆಳೆತ್ತರದ ಜೀರಿಗೆಯ ನಡುವಿನಿಂದ ಆ ಹಿರೀಕ ನನ್ನನ್ನೇ ನೋಡುತ್ತಿದ್ದಂತೆ ಅನ್ನಿಸಿತು. ಎಲೆ ಹಾಕಿದರು. ಪಲ್ಯ, ಸಾಂಬಾರು ಆದಮೇಲೆ ಪಾಪಮ್ಮ ರಸಂ ಪಾತ್ರೆ ಹಿಡಿದು ಬಂದರು. “ಸಾವಕಾಶವಾಗಿ ಸಾಪ್ಪುಡುಂಗ, ಉಣ್ಣಿ. ಬೆಳಗ್ಗೆ ನೋಡಿದ್ರೆ ಜೀರಿಗೆ ಮುಗ್ದೋಗಿತ್ತು, ಬಟ್ಟಲು ತೊಳ್ದು ಇಟ್ಟು ಅಂಗಡಿಗೆ ಓಡ್ಸಿ ತರ್ಸಿದೆ. ಜೀರಿಗೆ ಇಲ್ದೆ ಈ ಮನೇಲಿ ಒಂದೊತ್ತೂ ಆಗಾಕಿಲ್ಲ. ನಮ್ಮತ್ತೆ ಇದ್ದಾಗ ಉಂಡ್ಮೇಲೆ ಅಂಗೇ ಒಂದು ಚಿಟಿಕೆ ಬಾಯಿಗಾಕ್ಕೊಳ್ಳೋರು, ಅವರತ್ತೇನೂ ಅಂಗೇಯಂತೆ” ಎಂದರು. ಗಂಡನ ಕುಲದ ಕಟ್ಟಳೆಯೇ ಸೊಸೆಗೂ ಕಟ್ಟಳೆ. ಈ ಮನೆಗೆ ಬಂದ ಸೊಸೆಯರು ತಲೆಮಾರಿನಿಂದ ಜೀರಿಗೆ ಅಗಿದಿದ್ದಾರೆ ಎಂದಮೇಲೆ ಇವರು ಇನ್ನು ಯಾವ ಕುಲವಾದರೂ ಇರಲಿ, ಜೀರಿಗೆಯವರಲ್ಲ. ನನ್ನ ಸುಳ್ಳು ನನ್ನ ಕಣ್ಣೆದುರಿಗೇ ನಿಜವಾಗಿ ಕೂತಿತು.

ಆಗ ನನಗಾದ ಸಂತೋಷವನ್ನು ಹೇಗೆ ಹೇಳಲಿ? ಎಲೆಯ ಮುಂದೆಯೇ ತೇಲಿಹೋದೆ. ಸುಗುಣ ಮದುಮಗಳಾಗಿ ನಿಂತಿದ್ದಳು, ಓಲಗ ಕೇಳುತ್ತಿತ್ತು, ಕಂಬೈನಲ್ಲೂರು ಬಸ್ಸಿಗೆ ಮಾವಿನೆಲೆ ಕಟ್ಟಿದ್ದರು, ನಾನು ಅದರ ಟೈಮು ಬರೆದುಕೊಳ್ಳುತ್ತಿದ್ದೆ. ಎಷ್ಟು ಹೊತ್ತು ಹಾಗಿದ್ದೆನೋ. ಎಚ್ಚರವಾದಾಗ ನೋಡಿದರೆ, ದೊಡ್ಡಪ್ಪ ಎಲೆಯ ಮೇಲೆ ಕೈ ಅಡ್ಡ ಹಿಡಿದು, ತಮಗೆ ರಸಂ ಬಡಿಸದಂತೆ ತಡೆದು ಕೂತಿದ್ದರು. ಅವರ ಕಣ್ಣು ನನ್ನ ಎಲೆಯ ಮೇಲಿತ್ತು. ನನ್ನ ಎಲೆಯಲ್ಲಿ ರಸಂ ಅನ್ನ ಮುಕ್ಕಾಲು ಮುಗಿದಿತ್ತು. ಉಳಿದದ್ದನ್ನು ನಾನು ಅಂಗೈಯಲ್ಲಿ ಬಳಿದು ಸೊರ್ರೆಂದು ಹೀರುತ್ತಿದ್ದೆ, ಇಪ್ಪತ್ತೆರಡು ವರ್ಷದ ಅಭ್ಯಾಸದಂತೆ, ಒಂದು ಹನಿಯೂ ಚೆಲ್ಲದೆ.

ದೊಡ್ಡಪ್ಪ ಊಟ ಮುಗಿಸಿ, ತಾಂಬೂಲ ತೆಗೆದುಕೊಂಡು, ಸಂಬಂಧಕ್ಕೆ ಒಪ್ಪಿಗೆ ಕೊಟ್ಟು ಎದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತರು. ನಾನು ಬೈಗುಳಕ್ಕೆ ತಯಾರಾಗಿದ್ದೆ. ಕೊನೆಗೆ ನನ್ನ ಕಿವಿಯ ಹತ್ತಿರ ಬಗ್ಗಿ, ಯಾರಿಗೂ ಕೇಳದಂತೆ, “ಎಂಗಿರ್ತದ್ಲಾ ಅದು?” ಎಂದರು.

ಎಂಬತ್ತು ದಾಟಿದ ಮನುಷ್ಯ. ನಾನು ರುಚಿಯನ್ನು ನೆನಪಿಸಿಕೊಳ್ಳಲು ನೋಡಿದೆ. ಖಾರವಲ್ಲ, ಸಿಹಿಯಲ್ಲ, ಕಹಿಯೂ ಅಲ್ಲ. ಇಷ್ಟು ವರ್ಷ ತಿಂದಿದ್ದೇನೆ, ಕದ್ದು ತಿಂದವನು ರುಚಿ ನೋಡುವುದೆಲ್ಲಿ ಬಂತು, ಗಬಗಬ ನುಂಗಿದ್ದಷ್ಟೇ. “ಒಂದ್ ತರಾ ಚೆನ್ನಾಗಿರ್ತದೆ ದೊಡ್ಡಪ್ಪ” ಎಂದೆ. “ಇಷ್ಟೇನಾ?” ಎಂದು ಅವರು ಮತ್ತೆ ಕಿಟಕಿಯ ಕಡೆ ತಿರುಗಿದರು. ಮನೆಗೆ ಬಂದದ್ದೇ ರಾಜಮ್ಮನಿಗೆ ಎಲ್ಲವನ್ನೂ ಒಪ್ಪಿಸಿಬಿಟ್ಟರು. ಅವಳು ನಕ್ಕು, “ನಂಗೊತ್ತು ಮಾವ. ಅಂಗಿ ಒಗೆಯೋಳು ನಾನಲ್ವಾ?” ಎಂದಳು. ಎರಡು ಸಲ ಮುಕ್ಕಳಿಸಿದ್ದೆಲ್ಲ ನೀರು ದಂಡ.

ಮದುವೆಗೆ ನಾಲ್ಕು ದಿನ ಇರುವಾಗ ರಾಜಮ್ಮ ಮಗಳಿಗೆ ಕೊಡುವ ಹೊಸ ಸಾಂಬಾರ ಡಬ್ಬಿ ತುಂಬುತ್ತಿದ್ದಳು. ಸಾಸಿವೆ, ಮೆಂತ್ಯ, ಒಂದೊಂದಾಗಿ. ಆರಾದ ಮೇಲೆ ಸೆರಗಿನ ಮರೆಯಿಂದ ಒಂದು ಸಣ್ಣ ಪೊಟ್ಟಣ ತೆಗೆದು ಏಳನೆಯ ಬಟ್ಟಲಿಗೆ ಸುರಿದಳು. ನಮ್ಮ ಮನೆಯೊಳಗೆ ಜೀರಿಗೆ ಬಂದದ್ದು ಅದೇ ಮೊದಲು. “ಅವಳಿನ್ನು ಬೇರೆ ಕುಲ, ತಿನ್ಲಿ” ಎಂದಳು. ಮುಚ್ಚಳ ಹಾಕುವ ಮುಂಚೆ ಬೆರಳಿಗೆ ಅಂಟಿದ ಘಮವನ್ನು ಒಂದು ಗಳಿಗೆ ಮೂಗಿನ ಹತ್ತಿರ ಹಿಡಿದುಕೊಂಡಳು. ಆಗ ಹೊಳೆಯಿತು ನನಗೆ. ಬೇವಿನ ಕುಲದ ಮನೆಯಲ್ಲಿ ಜೀರಿಗೆ ತಿಂದು ಬೆಳೆದ ಹುಡುಗಿ ಇವಳು. ನನ್ನ ಕೈ ಹಿಡಿದ ದಿನ ಅದನ್ನು ಬಿಟ್ಟವಳು, ಬಿಟ್ಟೇ ಇದ್ದಾಳೆ.

“ನಾನು ತಿನ್ನೋದು ಗೊತ್ತಿದ್ದೂ ನೀನು ಒಂದು ದಿನಾನೂ ತಿನ್ನಲಿಲ್ವಲ್ಲ ರಾಜಿ. ತವರಿಗೆ ಓದಾಗಾದ್ರೂ ತಿನ್ನಬೋದಿತ್ತು, ಯಾರು ಕೇಳ್ತಿದ್ರು?” ಎಂದೆ.

ಅವಳು ನಾನು ಏನೋ ಹುಚ್ಚು ಮಾತಾಡಿದೆ ಎಂಬಂತೆ ನನ್ನನ್ನು ನೋಡಿದಳು. “ನಾನು ಜೀರಿಗೆಯೋಳಲ್ವಾ?” ಎಂದಳು.

ಎರಡು ಜಿಲ್ಲೆಯ ಬಸ್ಸುಗಳನ್ನೆಲ್ಲ ತಡೆದು ನಾನು ಹುಡುಕುತ್ತಿದ್ದ ಜೀರಿಗೆಯವಳು ನನ್ನ ಮನೆಯಲ್ಲೇ ಬಟ್ಟಲು ಒರೆಸುತ್ತಾ ಕೂತಿದ್ದಳು. ನಮ್ಮ ಹೆಸರು ಇಂದಿಗೂ ಎಲ್ಲೆಲ್ಲಿ ಉಳಿದಿದೆ ಎಂದು ಯಾರಾದರೂ ಲೆಕ್ಕ ಬರೆದರೆ ನಮ್ಮ ಮನೆಯಲ್ಲಿ ಒಬ್ಬರು ಎಂದು ಬರೆಯಬೇಕು, ಅದು ನಾನಲ್ಲ. ಮಾರನೆಯ ದಿನದಿಂದ ಮೆಸ್ಸಿನಲ್ಲಿ ರಸಂ ಬೇಡವೆಂದು ಹೇಳಿ ಮಜ್ಜಿಗೆಗೆ ಹೋಗುತ್ತಿದ್ದೇನೆ. ಬಡಿಸುವವನು ನನಗೆ ಹುಷಾರಿಲ್ಲವೆಂದೇ ತಿಳಿದಿದ್ದಾನೆ. ಈ ವಿಷಯ ರಾಜಮ್ಮನಿಗೆ ನಾನಾಗಿ ಹೇಳಿಲ್ಲ. ದಿನಾ ಸಂಜೆ ಅಂಗಿ ಬಿಚ್ಚಿ ಅವಳ ಕೈಗೆ ಕೊಟ್ಟು, ಅವಳು ಮೂಸಿ ನೋಡಲಿ ಎಂದು ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತೇನೆ. ಅವಳು ಮೂಸುವುದಿಲ್ಲ. ನೇರವಾಗಿ ಬಕೆಟ್ಟಿಗೆ ಹಾಕುತ್ತಾಳೆ.