ದಾನ ಕೊಟ್ಟ ಕಂಪ್ಯೂಟರಿನ ಲೈಸೆನ್ಸ್

ಅಂದು ಗುರುವಾರ, ನಿಪ್ಪಾಣಿಯ ಸಂತೆ. ಹೆಂಡತಿ ಮೆಂತ್ಯೆ ಸೊಪ್ಪು ಬಿಡಿಸುತ್ತ, ಸಂಜೆ ಬರುವಾಗ ನಿಂಬೆಹಣ್ಣು ತರಲು ಹೇಳಿದಳು. ನಾನು ಶಾಲೆಯಿಂದ ಬರುವಷ್ಟರಲ್ಲಿ ಅವಳ ಉಸಿರು ನಿಂತಿತ್ತು. ಆಮೇಲೆ ಅವಳು ಮಾಡುತ್ತಿದ್ದ ಕೆಲಸಗಳೆಲ್ಲ ನನ್ನ ಪಾಲಿಗೆ ಬಂದವು. ಪ್ರತಿಯೊಂದರಲ್ಲೂ ಏನಾದರೊಂದು ಫಜೀತಿ. ಜನ ನಗುತ್ತಾರೆ, ನಾನು ತಲೆ ತಗ್ಗಿಸುತ್ತೇನೆ. ಈ ಫಜೀತಿ ಕಂಪ್ಯೂಟರಿನದು.

೧. ಅಂಗಡಿಯಲ್ಲಿ

ಪ್ರಶ್ನೆಪತ್ರಿಕೆ ಟೈಪ್ ಮಾಡಲು ಹೊಸ ಕಂಪ್ಯೂಟರ್ ಕೊಂಡೆ. ಹಳೆಯದಕ್ಕೆ ಹೆಂಡತಿ ತಾನೇ ವಿಚಾರಿಸಿ ಮೇಲ್ದರ್ಜೆಯ ವಿಂಡೋಸ್ ಹಾಕಿಸಿದ್ದಳು. ಅವಳು ತನಗಾಗಿ ಕೊಂಡ ಕೊನೆಯ ವಸ್ತು ಅದು. ಆ ಲೈಸೆನ್ಸೇ ಹೊಸದಕ್ಕೂ ಬೇಕೆಂಬ ಹಟ ನನಗೆ. ಅಂಗಡಿಯವ, ಯಾಕ್ರೀ ಸರ, ಪುಕ್ಕಟ ಕಾಪಿ ಹಾಕಿಕೊಡತೇನಿ, ಸಗಳೇ ತಸಂಚ ಕರತಾತ, ಎಲ್ಲಾರೂ ಹಂಗ ಮಾಡತಾರ ಎಂದ. ಕಾಪಿ ಹೊಡೆದ ಹುಡುಗರನ್ನು ಹೊರಗೆ ನಿಲ್ಲಿಸುವವನು, ಒತ್ತಕ್ಷರ ತಪ್ಪಿದರೂ ಮಾರ್ಕು ಕಳೆಯುವವನು ನಾನು, ಆಗದು ಎಂದೆ. ಹಾಗಾದರೆ ಹಳೆಯದರಿಂದ ತೆಗೆದು ಇದಕ್ಕೆ ಹಾಕಬೇಕು, ಎರಡೂ ಕಡೆ ನಡೆಯದು, ಹಳೆಯದು ಮೊದಲಿದ್ದ ಸಾದಾ ವಿಂಡೋಸಿಗೆ ಇಳಿಯುತ್ತದೆ ಎಂದು ವಿವರಿಸಿ, ಅದೆಲ್ಲಿದೆ ಎಂದು ಕೇಳಿದ. ಹೆಂಡತಿಯ ದಿವಸ ಮಾಡಿದಾಗ, ಅವಳು ಬಳಸುತ್ತಿದ್ದ ವಸ್ತುವೆಂದು ಪೂಜೆ ನಡೆಸಿಕೊಟ್ಟ ಅಕ್ಕೋಳದ ಅಯ್ಯನವರಿಗೆ ದಾನ ಕೊಟ್ಟೆವು ಎಂದೆ.

ಅವನು ಮೌಸ್ ಮೇಲಿನ ಕೈ ತೆಗೆದ. "ಸರ, ಇದು ನಮ್ಮ ಅಂಗಡಿ ಕೆಲಸ ಅಲ್ರಿ. ಶಾಸ್ತ್ರ ಕೇಳಿ ಬರ್ರಿ."

೨. ಅಕ್ಕನ ಬಳಿ

ದಾನ ಕೊಡಿಸಿದವಳು ನನ್ನ ಅಕ್ಕ. ಕಂಪ್ಯೂಟರ್ ಅವರಲ್ಲೇ ಇರಲಿ, ಲೈಸೆನ್ಸ್ ಅಷ್ಟೇ ವಾಪಸ್ ಕೇಳಿದರೆ ತಪ್ಪೇ ಎಂದು ಫೋನಿನಲ್ಲಿ ಕೇಳಿದೆ. ಲೈಸೆನ್ಸ್ ಎಂದರೆ ವಸ್ತುವಲ್ಲ, ಬಳಸುವ ಅನುಮತಿ ಮಾತ್ರ ಎಂದು ಉದಾಹರಣೆ ಸಹಿತ ತಿಳಿಸಿದೆ. ಅಕ್ಕ ಪೂರ್ತಿ ಕೇಳಿದಳು.

"ಆಕಳಾ ದಾನಾ ಕೊಟ್ಟು, ಹಿಂಡೂ ಹಕ್ಕ ನಮ್ದು ಅಂದಂಗಾತಲ್ಲೋ ತಮ್ಮಾ."

ಸಂಜೆಯೊಳಗೆ ಸುದ್ದಿ ಸದಲಗಾ ಮುಟ್ಟಿತು. ಹೆಂಡತಿಯ ಹೊಲಿಗೆ ಯಂತ್ರ ಒಯ್ದಿದ್ದ ಅಲ್ಲಿಯ ಕಾಕಾ ಫೋನ್ ಮಾಡಿದರು. "ಹೊಲಿಗಿ ಮಷಿನ್ನಿಗೂ ಏನರೆ ಲೈಸೆನ್ಸ್ ಐತೇನೋ? ಇದ್ರ ಈಗ ಒಯ್ದುಬಿಡು."

೩. ಅಕ್ಕೋಳದಲ್ಲಿ

ಬಾಳೆಹಣ್ಣು ಹಿಡಿದು ಹೋದೆ. ಕಬ್ಬು, ತಂಬಾಕು, ಮಳೆ ಎಲ್ಲ ಮಾತಾಡಿ ಮುಗಿದ ಮೇಲೆ ನೆಲ ನೋಡುತ್ತ ವಿಷಯ ಹೇಳಿದೆ. ದಾನ ಕೊಡುವಾಗ ನಾನು ಕಂಪ್ಯೂಟರ್, ಪರದೆ, ಕೀಬೋರ್ಡ್, ಮೌಸ್ ಎಂದು ಒಂದೊಂದೇ ಹೆಸರು ಹೇಳಿದ್ದೆನಂತೆ. ಲೈಸೆನ್ಸ್ ಎಂದಿರಲಿಲ್ಲ, ಹೆಸರಿಸದ್ದು ದಾನದಲ್ಲಿ ಸೇರದು, ಧಾರಾಳವಾಗಿ ಒಯ್ಯಿರಿ ಎಂದು ಅಯ್ಯನವರು ತೀರ್ಪು ಕೊಟ್ಟರು.

ಒಳಗೆ ಕಂಪ್ಯೂಟರಿಗೆ ಶಾಲು ಹೊದಿಸಿದ್ದರು, ಪರದೆಗೆ ವಿಭೂತಿ. ಬಳಸುವುದಿಲ್ಲವೇ ಎಂದೆ. ಈಗ ಅವರು ನೆಲ ನೋಡಿದರು.

"ಪಾಸ್‌ವರ್ಡ್ ಕೇಳತೈತ್ರಿ. ದುಃಖದ ಮನಿಗಿ ಹೋಗಿ ಪಾಸ್‌ವರ್ಡ್ ಕೇಳೂದು ಹ್ಯಾಂಗ್ರಿ?"

ಅದು ನನಗೂ ಗೊತ್ತಿರಲಿಲ್ಲ. ಅವಳ ಹೆಸರು ಹೊಡೆದೆ, ತೆರೆಯಲಿಲ್ಲ. ಅವಳೇ ಬರೆದಿಟ್ಟಿದ್ದ ಸುಳಿವೊಂದು ಕೆಳಗೆ ಮೂಡಿತು. ಅಯ್ಯನವರು ಕನ್ನಡಕ ಹಾಕಿ ಗಟ್ಟಿಯಾಗಿ ಓದಿದರು: "ಹುಡುಗರು ನಮ್ಮನಿಯವರಿಗೆ ಇಟ್ಟ ಹೆಸರು."

ಅಂಥದ್ದೇನೂ ಇಲ್ಲ ಎಂದೆ.

"ಐತ್ರಿ ಮಾಸ್ತರ. ಅಕ್ಕೋಳಕ್ಕೆಲ್ಲಾ ಗೊತ್ತೈತಿ. ನನ್ನ ಬಾಯಿಂದ ಬ್ಯಾಡ. ನಾ ಆ ಕಡೆ ತಿರಗತೇನಿ, ನೀವ ಹೊಡೀರಿ."

ಆ ಹೆಸರು ನನ್ನ ಮನೆ ಮುಟ್ಟಿಲ್ಲ ಎಂದೇ ಇಷ್ಟು ವರ್ಷ ನಂಬಿದ್ದೆ. ಅವಳು ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ಗೋಡೆಯ ಕಡೆ ತಿರುಗಿದ ಅಯ್ಯನವರ ಬೆನ್ನು ಅಲುಗುತ್ತಿತ್ತು. 'ಅರ್ಧ ಮಾರ್ಕು' ಎಂದು ಹೊಡೆದೆ.

ಕಂಪ್ಯೂಟರ್ ತೆರೆಯಿತು.