ಇಂಜೆಕ್ಷನ್ನಿಗೆ ಹದ ಕೊಟ್ಟ ಕಥೆ

ಬಿಸಿ-ತಂಪಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಇಪ್ಪತ್ತು ವರ್ಷದಿಂದ ಉಕ್ಕನ್ನು ಕಾಯಿಸಿ, ತಣಿಸಿ ಹದ ಕೊಡುತ್ತಿರುವವನು ನಾನು. ಹಾಗಾಗಿ ಹೆಂಡತಿ ಸುಮಾಳ ಇಂಜೆಕ್ಷನ್ನನ್ನು ಶಿವಮೊಗ್ಗದಿಂದ ಭದ್ರಾವತಿಗೆ ತರುವ ಹೊಣೆಯನ್ನು ಎದೆ ತಟ್ಟಿ ಒಪ್ಪಿಕೊಂಡೆ.

ಸುಮಾಳಿಗೆ ಒಂದು ವರ್ಷದಿಂದ ಮೈತುಂಬ ಪಿತ್ತದ ಗಂಧೆ. ಮಾತ್ರೆಗಳೆಲ್ಲ ಸೋತ ಮೇಲೆ ಡಾಕ್ಟರು ಆಂಟಿಬಾಡಿ ಇಂಜೆಕ್ಷನ್ ಶುರು ಮಾಡಿದ್ದರು. ಅಲರ್ಜಿಗೆ ಕಿಡಿ ಹಚ್ಚುವ ವಸ್ತುವನ್ನು ರಕ್ತದಲ್ಲೇ ಹಿಡಿದು ಕಟ್ಟಿಹಾಕುವ ಮದ್ದಂತೆ. ಮೊದಲ ಡೋಸಿಗೇ ಅವಳು ಕೆರೆದುಕೊಳ್ಳದೆ ನಿದ್ದೆ ಮಾಡಿದಳು. ನೋಡಿ ನನಗೇ ಕಣ್ಣು ತುಂಬಿತ್ತು. ಎರಡನೆಯ ಡೋಸು ತಪ್ಪುವಂತಿರಲಿಲ್ಲ.

ಔಷಧಿ ಅಂಗಡಿಯವರು ಐಸ್ ಪ್ಯಾಕ್ ಇಟ್ಟ ಥರ್ಮೋಕೋಲ್ ಡಬ್ಬಿ ಕೊಟ್ಟು, "ತಣ್ಣಗಿರ್ಬೇಕು ಸರ್, ಆದ್ರೆ..." ಎಂದರು.

"ನನಗೇ ಹೇಳ್ತೀರಾ!" ಎಂದು ಬೈಕ್ ಹತ್ತಿಯೇ ಬಿಟ್ಟೆ.

ಬಿಸಿಲು ಚುರುಗುಟ್ಟುತ್ತಿತ್ತು. ಐಸ್ ಕರಗಿದರೆ ಗತಿಯೇನು? ದಾರಿಯಲ್ಲೇ ನಮ್ಮ ವರ್ಕ್‌ಶಾಪು. ಅಲ್ಲಿ ಲೋಹ ಕತ್ತರಿಸುವ ಉಕ್ಕಿನ ಕಟರ್‌ಗಳನ್ನು ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗೆ ತಣಿಸುವ ಪೆಟ್ಟಿಗೆಯಿದೆ. ಅದರಲ್ಲಿ ಕೂತೆದ್ದ ಉಕ್ಕು ಮೊದಲಿಗಿಂತ ಗಟ್ಟಿ. ಉಕ್ಕಿಗಾಗುವ ಉಪಕಾರ ಮದ್ದಿಗೂ ಆಗಲಿ ಎಂದು ಇಂಜೆಕ್ಷನ್ನನ್ನು ಒಳಗಿಟ್ಟು ಒಂದು ಟೀ ಕುಡಿದೆ. ಚೆನ್ನಾಗಿತ್ತು, ಇನ್ನೊಂದು ಕುಡಿದೆ!

ಭದ್ರಾವತಿಯ ಓಲ್ಡ್ ಟೌನಿನ ಕ್ಲಿನಿಕ್ಕಿನಲ್ಲಿ ಸುಮಾ ರವಿಕೆಯ ತೋಳು ಮೇಲೆ ಮಾಡಿಕೊಂಡು ಕಾದಿದ್ದಳು. ಡಬ್ಬಿ ತೆರೆದ ನರ್ಸಮ್ಮ ಹೌಹಾರಿದರು.

"ಏನ್ರೀ ಇದು, ಕಲ್ಲಾಗಿದೆ!"

"ಹದ ಕೊಟ್ಟಿದೀನಿ," ಎಂದೆ ಹೆಮ್ಮೆಯಿಂದ. "ಕರಗಿಸಿ ಚುಚ್ಚಿ, ಡಬಲ್ ಕೆಲಸ ಮಾಡುತ್ತೆ."

"ಇದು ಪ್ರೋಟೀನು ಸರ್! ಒಂದ್ಸಲ ಹೆಪ್ಪುಗಟ್ಟಿದ್ರೆ ಮುಗೀತು. ಕರಗಿಸಿದ್ರೂ ಕೊಡೋ ಹಾಗಿಲ್ಲ."

ನನಗೆ ಸಿಡಿಲು ಬಡಿದಂತಾಯಿತು. ಅಂಗಡಿಗೆ ಫೋನ್ ಮಾಡಿದರೆ ಇನ್ನೊಂದು ಬರಲು ಒಂದು ವಾರ ಬೇಕಂತೆ! ಸುಮಾ ರವಿಕೆಯ ತೋಳನ್ನು ಮೆಲ್ಲನೆ ಕೆಳಗಿಳಿಸಿಕೊಂಡಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಮಾರಾಯ್ತಿ, ಮುಂದಿನ ಸಲ ಹುಷಾರಾಗಿ ತರ್ತೀನಿ."

"ಬೇಡ್ರೀ. ನಾನೇ ಬಸ್ಸಲ್ಲಿ ಹೋಗ್ತೀನಿ."

ಮೂರೇ ದಿನಕ್ಕೆ ಗಂಧೆ ಮತ್ತೆ ಎದ್ದಿತು. ಅವಳ ಬೆನ್ನಿಗೆ ಲೋಷನ್ ಹಚ್ಚುವುದು ಈಗ ನನ್ನ ಡ್ಯೂಟಿ. ನಿನ್ನೆ ಹಚ್ಚಿ ಮುಗಿಸಿ, ಬಾಟಲಿ ಕೈಯಲ್ಲಿದ್ದಂತೆಯೇ ಅಡುಗೆಮನೆ ಕಡೆ ಹೊರಟದ್ದೇ ತಡ, ಸುಮಾ ಹಾರಿ ಬಂದು ಅದನ್ನು ಕಸಿದುಕೊಂಡಳು.

"ಫ್ರಿಜ್ ಹತ್ರ ಹೋದ್ರೆ ನೋಡಿ!"

ನಾನು ನೀರು ಕುಡಿಯಲು ಹೊರಟಿದ್ದೆ! ಇಪ್ಪತ್ತು ವರ್ಷ ಉಕ್ಕಿಗೆ ಹದ ಕೊಟ್ಟವನಿಗೆ ಈಗ ಸ್ವಂತ ಮನೆಯಲ್ಲಿ ತಣ್ಣೀರನ್ನೂ ಹೆಂಡತಿಯೇ ತೆಗೆದುಕೊಡುತ್ತಾಳೆ.